ಕಂದನ ಕಣ್ಣೊಳಗೆ ಉಪ್ಪು–ಮೆಣಸು

ಬೆಂಗಳೂರಿನ ಕಣ್ಣಾಸ್ಪತ್ರೆಯೊಂದರ ಮಕ್ಕಳ ವಿಭಾಗ. ಬೆಂಚುಗಳ ತುಂಬ ಬಾಣಂತಿಯರು, ಅವರ ಅಮ್ಮಂದಿರು. ಸಿಸ್ಟರ್ ಒಬ್ಬೊಬ್ಬರ ಹತ್ತಿರ ಬಂದು ಕೂಸಿನ ಪಾಪೆ ಹಿಗ್ಗಲು ಹನಿ ಬಿಡುತ್ತಿದ್ದಾರೆ. "ಈಗಲೇ ಹಾಲು ಕೊಡ್ಬೇಡಿ ಕಣಮ್ಮ, ಫೋಟೊ ಆಗ್ಲಿ."

ಒಳಗಿನ ಕೋಣೆಯಲ್ಲಿ ಮಬ್ಬುಗತ್ತಲು. ಎರಡೂವರೆ ತಿಂಗಳ ಹೆಣ್ಣುಕೂಸನ್ನು ಕೈಕಾಲು ಆಡದಂತೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಾರೆ. ನೋವು ತಿಳಿಯದಿರಲು ಇನ್ನೊಂದು ಹನಿ. ರೆಪ್ಪೆ ಬಿಡಿಸಿ ಹಿಡಿಯಲು ಬೆರಳುಗುರಿನಷ್ಟೇ ಅಗಲದ ತಂತಿ. ಕಣ್ಣಿನ ಮೇಲೆ ಜೆಲ್ ಹಚ್ಚಿ ಕ್ಯಾಮೆರಾದ ತುದಿಯನ್ನು ಹಗುರವಾಗಿ ತಾಗಿಸುತ್ತಾರೆ. ಕೂಸು ಕಿರುಚುತ್ತದೆ, ಡಾಕ್ಟರ ಕೈ ಅಲುಗುವುದಿಲ್ಲ. ಅಕ್ಷಿಪಟಲದ ಸುಮಾರು 130 ಡಿಗ್ರಿಯಷ್ಟು ಹರವು ಒಂದೇ ಚಿತ್ರದಲ್ಲಿ ಬರುತ್ತದೆ.

ಎಡಗಣ್ಣಿಗೆ ಹುಟ್ಟಿನಿಂದಲೇ ಪೊರೆ. ತೆರೆಯ ಮೇಲೆ ಬರೀ ಬೂದು ಮಂಜು. ಅದರ ಹಿಂದೇನಿದೆಯೆಂದು ಅಲ್ಟ್ರಾಸೌಂಡ್‌ನಲ್ಲೇ ನೋಡಬೇಕು. ಬಲಗಣ್ಣು ತಿಳಿಯಾಗಿತ್ತು. ಕಿತ್ತಳೆ ನೆಲದ ಮೇಲೆ ಯಾರೋ ಚಿಮುಕಿಸಿದಂತೆ ಸಣ್ಣ ಕಪ್ಪು ಚುಕ್ಕಿ, ನಡುನಡುವೆ ಬಿಳಿಚಿದ ಚುಕ್ಕಿ. ವೈದ್ಯರು ಇದನ್ನು "ಉಪ್ಪು–ಮೆಣಸು" ಎನ್ನುತ್ತಾರೆ.

"ಬಸುರಿನಲ್ಲಿ ಮೈಮೇಲೆ ಗಂಧೆ ಎದ್ದಿತ್ತೇನಮ್ಮ?"

"ಎರಡನೇ ತಿಂಗಳಲ್ಲಿ ಮೇಡಂ. ಮೂರೇ ದಿನ. ತಾನಾಗೇ ಹೋಯ್ತು."

ಬಸುರಿನಲ್ಲಿ ತಾಯಿಯಿಂದ ಕೂಸಿಗೆ ದಾಟುವ ರುಬೆಲ್ಲಾ ಸೋಂಕಿನ ಅನುಮಾನ, ರಕ್ತಪರೀಕ್ಷೆಯಿಂದ ಖಚಿತವಾಗಬೇಕು. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 78 ಕೂಸುಗಳ ಪೊರೆಗೂ ತಾಯಂದಿರ ರುಬೆಲ್ಲಾಗೂ ಇರುವ ನಂಟನ್ನು ಗುರುತಿಸಿದ್ದು ಇಂಥ ಮಾತುಗಳನ್ನು ಕಿವಿಗೊಟ್ಟು ಕೇಳಿಯೇ. ಆಗ ಈ ಕ್ಯಾಮೆರಾ ಇರಲಿಲ್ಲ.

ಆ ಚುಕ್ಕಿಗಳಷ್ಟರಿಂದಲೇ ದೃಷ್ಟಿ ಹೋಗುವುದು ಅಪರೂಪ. ಹಾಗಿದ್ದೂ ಚಿತ್ರ ಏಕೆ? ಡಾಕ್ಟರು ಚೀಟಿ ಬರೆದದ್ದು ಕಿವಿ ಮತ್ತು ಹೃದಯದ ಪರೀಕ್ಷೆಗೆ. ಈ ಸೋಂಕು ಮಕ್ಕಳಲ್ಲಿ ಹೆಚ್ಚಾಗಿ ಕೆಡಿಸುವುದು ಕೇಳುವ ಶಕ್ತಿಯನ್ನು. ಕೂಸು ಮಾತು ಕಲಿಯುತ್ತಿಲ್ಲವೆಂದು ಎರಡು ವರ್ಷ ಕಾದು ತಿಳಿಯಬೇಕಿದ್ದ ಸಂಗತಿಯನ್ನು ಕಣ್ಣಿನ ಚಿತ್ರ ಈಗಲೇ ಹುಡುಕಲು ಹೇಳಿತು. ನನಗೆ ಆ ಕೋಣೆಯಲ್ಲಿ ಇದಕ್ಕಿಂತ ದೊಡ್ಡದು ಕಾಣಲಿಲ್ಲ.

ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದದ್ದು 2017ರ ಫೆಬ್ರವರಿಯಲ್ಲಿ, 15 ವರ್ಷದೊಳಗಿನವರಿಗೆ. ಈ ತಾಯಿಗೆ ಆಗ 18. ಅವಳ ಓರಗೆಯ ಹೆಣ್ಣುಮಕ್ಕಳು ಈಗ ತಾಯಂದಿರಾಗುತ್ತಿದ್ದಾರೆ. ಬಸುರಿಯಾದ ಮೇಲೆ ಈ ಲಸಿಕೆ ಕೊಡುವಂತಿಲ್ಲ. ಹಾಕಿಸಿಕೊಂಡ ಮೇಲೂ ಬಸುರಿಯಾಗಲು ಒಂದು ತಿಂಗಳು ಕಾಯಬೇಕು. ನಿಮ್ಮ ಮನೆಯಲ್ಲಿ ಮದುವೆಗೆ ಬಂದ ಮಗಳೋ ತಂಗಿಯೋ ಇದ್ದರೆ, ಈಗಲೇ ಡಾಕ್ಟರನ್ನು ಕೇಳಿ.