ಲಂಡನ್ನಿನ 33 ಚುಕ್ಕಿ: ಹೆಸರಿಲ್ಲದಿದ್ದರೆ ಯಾವುದು ಯಾವ ಏರಿಯಾ?

ದುಬೈ, ದೋಹಾ, ಕುವೈತ್‌ನಲ್ಲಿ ದುಡಿಯುವ ನಮ್ಮವರಲ್ಲಿ ಮಗನನ್ನೋ ಮಗಳನ್ನೋ ಓದಲು ಲಂಡನ್ನಿಗೆ ಕಳಿಸಿದವರು ಈಗ ಕಡಿಮೆ ಏನಿಲ್ಲ. ರೂಮ್ ಹುಡುಕುವಾಗ ಮಕ್ಕಳು ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸ್ತಾರೆ. ಅಡ್ಡಗೆರೆಯಲ್ಲಿ ಕಾಲೇಜಿಗೆ ಹೋಗುವ ಸಮಯ, ಲಂಬಗೆರೆಯಲ್ಲಿ ಬಾಡಿಗೆ, ನಡುವೆ ಒಂದಿಷ್ಟು ಚುಕ್ಕಿ. "ಪಪ್ಪಾ, ಕೆಳಗೆ ಎಡಗಡೆ ಇದೆಯಲ್ಲ, ಅದೇ ಚೀಪ್" ಅಂತಾರೆ. ಅದಕ್ಕೆ ಹೆಸರೇ ಇಲ್ಲ, ಅಥವಾ ತಪ್ಪು ಹೆಸರು ಇದೆ ಅಂದರೆ ಅಡ್ವಾನ್ಸ್ ಕಟ್ಟೋದು ಎಲ್ಲಿಗೆ?

ಇದಕ್ಕೆ ಸ್ಕ್ಯಾಟರ್ ಪ್ಲಾಟ್ ಅಂತಾರೆ. ಡೇಟಾ ಓದುವ ಮಕ್ಕಳು ಇದನ್ನು ಹೆಚ್ಚಾಗಿ 'ಆರ್' ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡ್ತಾರೆ. ಚುಕ್ಕಿ ಹಾಕುವುದು ಒಂದು ಸಾಲಿನ ಕೆಲಸ. ಹೆಸರು ಹಾಕುವುದರಲ್ಲೇ ಇರೋದು ತಲೆನೋವು.

ಗ್ರೇಟರ್ ಲಂಡನ್ ಅಂದರೆ 32 ಬರೋ, ಜೊತೆಗೆ ಸಿಟಿ ಆಫ್ ಲಂಡನ್. ಒಟ್ಟು 33 ಚುಕ್ಕಿ. ಬಸವಣ್ಣನವರ ಪ್ರತಿಮೆ 2015ರಲ್ಲಿ ಥೇಮ್ಸ್ ದಡದಲ್ಲಿ ಅನಾವರಣಗೊಂಡಿತಲ್ಲ, ಆ ಲ್ಯಾಂಬೆತ್ ಕೂಡ ಇದರಲ್ಲೊಂದು. ಅಡ್ಡಕ್ಕೆ ವಿಸ್ತೀರ್ಣ, ಲಂಬಕ್ಕೆ 2021ರ ಜನಗಣತಿಯ ಜನಸಂಖ್ಯೆ ಇಟ್ಟು ನೋಡಿ. ಕ್ರಾಯ್ಡನ್‌ನಲ್ಲಿ ಸುಮಾರು 3.91 ಲಕ್ಷ ಜನ, ಬಾರ್ನೆಟ್‌ನಲ್ಲಿ 3.89 ಲಕ್ಷ. ಎರಡೂ ಸುಮಾರು 87 ಚದರ ಕಿಲೋಮೀಟರ್. ಒಂದು ದಕ್ಷಿಣದ ತುದಿ, ಇನ್ನೊಂದು ಉತ್ತರದ ತುದಿ. ಚಿತ್ರದಲ್ಲಿ ಮಾತ್ರ ಒಂದರ ಮೇಲೊಂದು! ಹೆಸರುಗಳೂ ಹಾಗೇ ಮೆತ್ತಿಕೊಂಡು ಯಾವುದನ್ನೂ ಓದಲಾಗದು.

ಆರ್‌ನ 'ಟೆಕ್ಸ್ಟ್' ಆದೇಶ ನಾವು ಏನೂ ಹೇಳದಿದ್ದರೆ ಹೆಸರನ್ನು ಚುಕ್ಕಿಯ ಮೇಲೇ ಬರೆದುಬಿಡುತ್ತದೆ. 'ಪಾಸ್' ಎಂಬಲ್ಲಿ 1 ಕೊಟ್ಟರೆ ಕೆಳಗೆ, 2 ಎಡಕ್ಕೆ, 3 ಮೇಲೆ, 4 ಬಲಕ್ಕೆ. ಆದರೂ ಬಾರ್ನೆಟ್-ಕ್ರಾಯ್ಡನ್ ಜಗಳ ತೀರಬೇಕಾದರೆ ಒಂದಕ್ಕೆ 2, ಇನ್ನೊಂದಕ್ಕೆ 4 ಅಂತ ಬೇರೆ ಬೇರೆ ಕೊಡಬೇಕು. 'ಜಿಜಿಪ್ಲಾಟ್' ಬಳಸುವವರಿಗೆ 'ಜಿಜಿರಿಪೆಲ್' ಪ್ಯಾಕೇಜ್ ಇದೆ. ಅದು ಹೆಸರುಗಳನ್ನು ತಾನೇ ದೂರ ತಳ್ಳಿ, ಬೇಕಾದಲ್ಲಿ ಸಣ್ಣ ಗೆರೆ ಎಳೆಯುತ್ತದೆ. ಒಂದೇ ಎಚ್ಚರ: ಇಕ್ಕಟ್ಟು ಜಾಸ್ತಿಯಾದರೆ ಕೆಲವು ಹೆಸರು ಬಿಟ್ಟೇಬಿಡುತ್ತದೆ. ಆ ಎಚ್ಚರಿಕೆ ಮಾಡುವವರ ಸ್ಕ್ರೀನ್ ಮೇಲೆ ಬರುತ್ತೆ, ಅಪ್ಪನ ಮೊಬೈಲಿಗೆ ಬರೋದಿಲ್ಲ. 'ಮ್ಯಾಕ್ಸ್ ಓವರ್‌ಲ್ಯಾಪ್ಸ್' ಮಿತಿ ಏರಿಸಿದರೆ ಎಲ್ಲ ಹೆಸರೂ ಕಾಣುತ್ತವೆ.

ಅಂಟಿಕೊಂಡ ಹೆಸರಿಗಿಂತ ನನಗೆ ಹೆದರಿಕೆ ಅದಲುಬದಲಾದ ಹೆಸರಿನದು. ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಬೇರೆಯಾಗಿ ಟೈಪ್ ಮಾಡಿಟ್ಟು, ಅಂಕಿಗಳನ್ನು ಜನಸಂಖ್ಯೆ ಪ್ರಕಾರ ಜೋಡಿಸಿದರೆ, ಆರ್ ಮೊದಲ ಹೆಸರನ್ನು ಮೊದಲ ಅಂಕಿಗೆ ಅಂಟಿಸುತ್ತಾ ಹೋಗುತ್ತದೆ. ಅಲ್ಲೂ 33, ಇಲ್ಲೂ 33. ಎರರ್ ಬರೋದೇ ಇಲ್ಲ. ಚಿತ್ರ ನೋಡೋಕೆ ಚಂದ, ಹೆಸರೆಲ್ಲ ಸುಳ್ಳು. ಆದ್ದರಿಂದ ಹೆಸರೂ ಅಂಕಿಯೂ ಒಂದೇ ಟೇಬಲ್‌ನ ಒಂದೇ ಸಾಲಿನಲ್ಲಿರಲಿ. ಎರಡು ಟೇಬಲ್ ಕೂಡಿಸಬೇಕಾದರೆ 'ಮರ್ಜ್' ಬಳಸಿ ಹೆಸರಿನ ಮೇಲೆಯೇ ಕೂಡಿಸಲಿ.

ಮಕ್ಕಳು ಚಿತ್ರ ಕಳಿಸಿದರೆ ನೀವೂ ಪರೀಕ್ಷಿಸಬಹುದು. ಮೇಲಿನ ಉದಾಹರಣೆಯಲ್ಲಾದರೆ ಸಿಟಿ ಆಫ್ ಲಂಡನ್ ಎಡಗಡೆ ಕೆಳಮೂಲೆಯಲ್ಲೇ ಇರಬೇಕು. ಮೂರು ಚದರ ಕಿಲೋಮೀಟರೂ ಇಲ್ಲ, ಜನ ಒಂಬತ್ತು ಸಾವಿರದೊಳಗೆ. ಸುಮಾರು 150 ಚದರ ಕಿಲೋಮೀಟರಿನ ಬ್ರಾಮ್ಲಿ ಎಲ್ಲರಿಗಿಂತ ಬಲಕ್ಕೆ. ಬಾಡಿಗೆ ಚಿತ್ರವಾದರೆ ಮಗ ಈಗ ಇರುವ ಏರಿಯಾದ ಚುಕ್ಕಿ ಹುಡುಕಿ, ಅವನು ಕೊಡ್ತಿರೋ ಬಾಡಿಗೆಯ ಆಸುಪಾಸಿನಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಹೆಸರುಗಳನ್ನು ಇನ್ನೊಮ್ಮೆ ನೋಡಿ ಕಳಿಸು ಅನ್ನಿ. ದುಡ್ಡು ಆಮೇಲೆ ಕಳಿಸಿದರಾಯ್ತು.