ನೀಹಾರಿಕೆಯ ಬೆನ್ನುಹತ್ತಿದ ಕ್ಯಾಮೆರಾ

ಕಣ್ಣಿಗೆ ಬೂದು ಮಂಜಾಗಿ ಕಾಣುವ ನೀಹಾರಿಕೆ ಫೋಟೊದಲ್ಲಿ ಕೆಂಪಾಗಿ ಅರಳುವುದು ಹೇಗೆ? ರಾತ್ರಿಗಟ್ಟಲೆ ಬೆಳಕು ಕೂಡಿಸುವ ಹವ್ಯಾಸಿಗಳ ಕೆಲಸದ ಪರಿಚಯ ಇಲ್ಲಿದೆ.

ಡಿಸೆಂಬರ್ ತಿಂಗಳ ರಾತ್ರಿ ಹತ್ತರ ಹೊತ್ತಿಗೆ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಪೂರ್ವದ ಆಕಾಶದಲ್ಲಿ ಸಾಕಷ್ಟು ಮೇಲೇರಿರುತ್ತಾನೆ. ಅವನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಗುರುತಿಸಲು ಯಾರ ನೆರವೂ ಬೇಡ. ಅವುಗಳ ದಕ್ಷಿಣಕ್ಕೆ ಖಡ್ಗವಿದೆ; ಖಡ್ಗದ ನಡುವಿನ ಚುಕ್ಕೆ ಮಾತ್ರ ಉಳಿದವುಗಳ ಹಾಗೆ ಚೂಪಾಗಿಲ್ಲ, ಸ್ವಲ್ಪ ಮಸುಕು. ಅದೇ ಒರಾಯನ್ ನೀಹಾರಿಕೆ, ಖಗೋಳಾಸಕ್ತರ ಬಾಯಲ್ಲಿ ಎಂ42. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಅನಿಲ ಮತ್ತು ದೂಳಿನ ಆ ರಾಶಿಯೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ದೂರದರ್ಶಕದಲ್ಲಿ ಇಣುಕಿದರೆ ಬೂದು ಬಣ್ಣದ ತೆರೆ ಕಾಣುತ್ತದೆ. ಅದೇ ರಾತ್ರಿ ಅದೇ ಅಂಗಳದಿಂದ ತೆಗೆದ ಫೋಟೊದಲ್ಲಿ ಕೆಂಪು, ನೇರಳೆ, ಕಂದುಬಣ್ಣದ ಮಡಿಕೆಗಳು ತುಂಬಿರುತ್ತವೆ.

ಇಂಥ ಚಿತ್ರ ತೋರಿಸಿದಾಗಲೆಲ್ಲ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಈ ಬಣ್ಣ ನಿಜವಾಗಿಯೂ ಅಲ್ಲಿದೆಯೇ, ಕಂಪ್ಯೂಟರಿನಲ್ಲಿ ಬಳಿದದ್ದೇ?’ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಚಿತ್ರ ಸಿದ್ಧವಾಗುವ ಕ್ರಮವನ್ನು ಮೊದಲಿಂದ ಹೇಳಬೇಕು.

ವೈದ್ಯ ಮತ್ತು ಎಂಜಿನಿಯರ್

ಈ ಕಲೆಯನ್ನು ಆರಂಭಿಸಿದವರು ಖಗೋಳವನ್ನು ಹೊಟ್ಟೆಪಾಡಾಗಿ ಮಾಡಿಕೊಂಡವರಲ್ಲ. ಅಮೆರಿಕದ ಹೆನ್ರಿ ಡ್ರೇಪರ್ ವೈದ್ಯಕೀಯ ಓದಿದವರು. ನ್ಯೂಯಾರ್ಕ್ ಸಮೀಪದ ತಮ್ಮ ಸ್ವಂತ ವೀಕ್ಷಣಾಲಯದಲ್ಲಿ 1880ರ ಸೆಪ್ಟೆಂಬರ್ 30ರಂದು 11 ಅಂಗುಲದ ದೂರದರ್ಶಕಕ್ಕೆ ಫೋಟೊ ಫಲಕ ಜೋಡಿಸಿ, 51 ನಿಮಿಷ ಬೆಳಕು ಹಿಡಿದರು. ನೀಹಾರಿಕೆಯೊಂದು ಫೋಟೊದಲ್ಲಿ ಮೂಡಿದ್ದು ಅದೇ ಮೊದಲು. ಲಂಡನ್ ಬಳಿಯ ಈಲಿಂಗ್‌ನಲ್ಲಿದ್ದ ಆ್ಯಂಡ್ರೂ ಐನ್ಸ್ಲಿ ಕಾಮನ್ ನೈರ್ಮಲ್ಯ ವ್ಯವಸ್ಥೆಯ ಎಂಜಿನಿಯರ್. ಮನೆಯ ತೋಟದಲ್ಲಿ ನಿಲ್ಲಿಸಿದ್ದ 36 ಅಂಗುಲದ ಕನ್ನಡಿಯಿಂದ ಅವರು 1883ರಲ್ಲಿ ತೆಗೆದ ಒರಾಯನ್ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳಿದ್ದವು. ಮರುವರ್ಷ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಕ್ಯಾಮೆರಾ ಕಣ್ಣನ್ನೂ ಮೀರಿ ನೋಡಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು.

ಕಾರಣ ನಮ್ಮ ಕಣ್ಣಿನ ರಚನೆಯಲ್ಲಿದೆ. ಕಣ್ಣು ಬೆಳಕನ್ನು ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ಮಾತ್ರ ಕೂಡಿಸಿಡುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಅದರ ಕೋಶಗಳಿಗೆ ಬಣ್ಣ ತಿಳಿಯದು, ಕಡುಕೆಂಪು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ನೀಹಾರಿಕೆಯ ಹೈಡ್ರೋಜನ್ ಅತಿ ಹೆಚ್ಚು ಹೊಳೆಯುವುದು ಆ ಕಡುಕೆಂಪಿನಲ್ಲೇ, 656.3 ನ್ಯಾನೊಮೀಟರಿನಲ್ಲಿ. ಅಂದರೆ ಬಣ್ಣ ಅಲ್ಲಿದೆ. ಅದನ್ನು ಹಿಡಿಯುವ ಶಕ್ತಿ ಕತ್ತಲಿಗೆ ಒಗ್ಗಿದ ಕಣ್ಣಿಗಿಲ್ಲ.

ಮೊದಲು ಕೂಡಿಸುವುದು

ನೀಹಾರಿಕೆಗಳು ತೀರ ಚಿಕ್ಕವು ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಎಂ42 ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಎರಡು ಪಟ್ಟು ಅಗಲ ಹರಡಿದೆ; ಅದರ ಪೂರ್ವಕ್ಕಿರುವ ರೋಸೆಟ್ ನೀಹಾರಿಕೆ ಇನ್ನೂ ದೊಡ್ಡದು. ಕೊರತೆ ಗಾತ್ರದ್ದಲ್ಲ, ಬೆಳಕಿನದು. ಆದ್ದರಿಂದ ಭಾರಿ ದೂರದರ್ಶಕಕ್ಕಿಂತ ಮುಖ್ಯವಾದದ್ದು ಹೆಚ್ಚು ಹೊತ್ತು ಅಲುಗದೆ ನೋಡುವ ಏರ್ಪಾಡು.

ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾದಲ್ಲಿ ಕೆಲವೇ ಸೆಕೆಂಡುಗಳಲ್ಲಿ ನಕ್ಷತ್ರಗಳು ಗೆರೆಗಳಾಗಿಬಿಡುತ್ತವೆ. ಇದಕ್ಕಾಗಿಯೇ ಟ್ರ್ಯಾಕಿಂಗ್ ಮೌಂಟ್ ಬೇಕು. ಅದರ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿದರೆ, ಮೋಟರು ಭೂಮಿಗೆ ಎದುರು ದಿಕ್ಕಿನಲ್ಲಿ ಅದೇ ವೇಗದಲ್ಲಿ ತಿರುಗಿ ನೀಹಾರಿಕೆಯನ್ನು ಚೌಕಟ್ಟಿನಲ್ಲೇ ಹಿಡಿದಿಡುತ್ತದೆ. ಹೆಚ್ಚಿನ ನಿಖರತೆ ಬೇಕಾದವರು ಇನ್ನೊಂದು ಪುಟ್ಟ ಕ್ಯಾಮೆರಾ ಜೋಡಿಸಿ, ಒಂದು ನಕ್ಷತ್ರ ಎಷ್ಟು ಅಲುಗುತ್ತಿದೆ ಎಂದು ಅಳೆಯುತ್ತ ಮೋಟರನ್ನು ತಿದ್ದುತ್ತಿರುತ್ತಾರೆ. ಇದಕ್ಕೆ ಗೈಡಿಂಗ್ ಎನ್ನುತ್ತಾರೆ.

ಹೀಗೆ ಎರಡು-ಮೂರು ನಿಮಿಷಗಳ ಹತ್ತಾರು, ನೂರಾರು ಚಿತ್ರಗಳನ್ನು ತೆಗೆದು ತಂತ್ರಾಂಶದಲ್ಲಿ ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆಯುವುದೇ ಸ್ಟ್ಯಾಕಿಂಗ್. ನೀಹಾರಿಕೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ; ಚುಕ್ಕೆಚುಕ್ಕೆಯಾದ ಗದ್ದಲ, ಅಂದರೆ ನಾಯ್ಸ್, ಪ್ರತಿ ಸಲವೂ ಬೇರೆಯಾಗಿರುತ್ತದೆ. ಸರಾಸರಿಯಲ್ಲಿ ಮೊದಲನೆಯದು ಉಳಿದು ಎರಡನೆಯದು ತಗ್ಗುತ್ತದೆ. ಆದರೆ ಲಾಭ ವರ್ಗಮೂಲದ ಲೆಕ್ಕದಲ್ಲಿ ಬರುತ್ತದೆ: ಚಿತ್ರ ಎರಡು ಪಟ್ಟು ಸ್ವಚ್ಛವಾಗಲು ನಾಲ್ಕು ಪಟ್ಟು ಚಿತ್ರಗಳು ಬೇಕು, ಹತ್ತು ಪಟ್ಟು ಸ್ವಚ್ಛವಾಗಲು ನೂರು ಪಟ್ಟು. ಒಂದೇ ನೀಹಾರಿಕೆಗೆ ಹವ್ಯಾಸಿಗಳು ಹಲವು ರಾತ್ರಿ ಮೀಸಲಿಡುವುದು ಈ ಗಣಿತಕ್ಕೆ ತಲೆಬಾಗಿ. ಚೌಕಟ್ಟನ್ನು ದಾಟಿದ ಉಪಗ್ರಹದ ಗೆರೆಯನ್ನು ತೆಗೆದುಹಾಕುವುದೂ ಇಲ್ಲಿಯೇ. ನೂರರಲ್ಲಿ ಒಂದೇ ಚಿತ್ರದಲ್ಲಿರುವ ಬೆಳಕನ್ನು ತಂತ್ರಾಂಶ ಗುರುತಿಸಿ ಬಿಡುತ್ತದೆ.

ಆಮೇಲೆ ಕಳೆಯುವುದು

ಸೆನ್ಸರ್ ಬರೆದುಕೊಂಡದ್ದೆಲ್ಲ ಆಕಾಶದ ಬೆಳಕಲ್ಲ. ಬಿಸಿಯಾದ ಸೆನ್ಸರ್ ಬೆಳಕೇ ಇಲ್ಲದಿದ್ದರೂ ಸಂಕೇತ ಕೊಡುತ್ತದೆ. ಬೆಂಗಳೂರಿನಂಥ ಕಡೆ ರಾತ್ರಿಯ ಉಷ್ಣಾಂಶವೇ 20 ಡಿಗ್ರಿಯ ಆಸುಪಾಸು ಇರುವುದರಿಂದ ಈ ತೊಡಕು ಹೆಚ್ಚು. ಜೇನುತುಪ್ಪ ತೂಗುವವರು ಬರಿ ಡಬ್ಬಿಯ ತೂಕವನ್ನು ಮೊದಲೇ ಹಿಡಿದು ಆಮೇಲೆ ಕಳೆಯುವ ಹಾಗೆ, ಇಲ್ಲೂ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ, ಅಷ್ಟೇ ಉಷ್ಣಾಂಶದ ‘ಡಾರ್ಕ್’ ಚಿತ್ರಗಳನ್ನು ತೆಗೆದು ಮೂಲದಿಂದ ಕಳೆಯುತ್ತಾರೆ. ಲೆನ್ಸಿನ ಅಂಚಿನ ಕಪ್ಪು, ಸೆನ್ಸರ್ ಮೇಲಿನ ದೂಳಿನ ನೆರಳು ಹೋಗಲು ‘ಫ್ಲಾಟ್’ ಬೇಕು. ಮುಂಜಾನೆಯ ತಿಳಿ ಆಕಾಶಕ್ಕೆ ಗುರಿಯಿಟ್ಟೋ ಬಿಳಿ ಬಟ್ಟೆ ಹೊದಿಸಿದ ಲೆನ್ಸಿಗೆ ಸಮನಾದ ಬೆಳಕು ಬೀಳಿಸಿಯೋ ತೆಗೆದ ಚಿತ್ರವದು. ಅದರಿಂದ ಮೂಲವನ್ನು ಭಾಗಿಸಿದರೆ ಚೌಕಟ್ಟಿನ ಎಲ್ಲ ಭಾಗಗಳೂ ಸಮನಾಗುತ್ತವೆ. ಕೊನೆಗೆ ಊರಿನ ದೀಪಗಳು ಆಕಾಶದ ಒಂದು ಮಗ್ಗುಲಿಗೆ ಎರಚಿದ ಮಬ್ಬನ್ನು ಅಳೆದು ತೆಗೆಯಬೇಕು.

ಇಷ್ಟೆಲ್ಲ ಮುಗಿದ ಮೇಲೂ ಪರದೆಯ ಮೇಲೆ ಕಾಣುವುದು ಬಹುತೇಕ ಕಪ್ಪು. ಹೊಸಬರು ಎದೆಗುಂದುವ ಹಂತವಿದು. ನೀಹಾರಿಕೆಯ ಮಾಹಿತಿ ಪೂರ್ತಿ ಅಲ್ಲಿದೆ, ಆದರೆ ಪ್ರಖರತೆಯ ಅಳತೆಗೋಲಿನ ಕೆಳತುದಿಯಲ್ಲಿ ಒತ್ತಾಗಿ ಕೂತಿದೆ. ಅದನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಹಿಗ್ಗಿಸುವುದೇ ‘ಸ್ಟ್ರೆಚ್’. ಎಂ42ರ ನಡುಭಾಗ ಅತಿ ಪ್ರಖರ, ಅಂಚು ಅತಿ ಮಂದ. ಒಂದನ್ನು ಉಳಿಸಿ ಇನ್ನೊಂದನ್ನು ಎತ್ತಲು ಕೆಲವೇ ಸೆಕೆಂಡುಗಳ ಚಿತ್ರಗಳನ್ನೂ ನಿಮಿಷಗಳ ಚಿತ್ರಗಳನ್ನೂ ಬೆರೆಸಬೇಕಾಗುತ್ತದೆ. ಕೈಚಳಕ, ಅಭಿರುಚಿ, ಸಂಯಮ ಮೂರೂ ಪರೀಕ್ಷೆಗೆ ಒಳಗಾಗುವುದು ಇಲ್ಲಿ.

ಬಣ್ಣದ ಸತ್ಯ

ಈಗ ಮೊದಲ ಪ್ರಶ್ನೆಗೆ ಬರೋಣ. ಸಾಮಾನ್ಯ ಬಣ್ಣದ ಕ್ಯಾಮೆರಾದಲ್ಲಿ ಹಿಡಿದ ಕೆಂಪು ಹೈಡ್ರೋಜನ್ನಿನದು, ಹಸಿರುನೀಲಿ ಆಮ್ಲಜನಕದ್ದು. ಎರಡೂ ಅಲ್ಲಿಂದಲೇ ಬಂದ ಬೆಳಕು. ಕ್ಯಾಮೆರಾ ಕಂಪನಿಗಳು ಸೆನ್ಸರ್ ಮುಂದಿಡುವ ಫಿಲ್ಟರ್ ಆ ಕಡುಕೆಂಪಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ಅದನ್ನು ತೆಗೆಸಿದ ಕ್ಯಾಮೆರಾಗಳಿಗೆ ಈ ವಲಯದಲ್ಲಿ ಬೇಡಿಕೆ ಇರುವುದು ಅದಕ್ಕೇ.

ಹಬಲ್ ದೂರದರ್ಶಕದ ‘ಸೃಷ್ಟಿಯ ಸ್ತಂಭಗಳು’ ಚಿತ್ರ 1995ರಲ್ಲಿ ಬಂದಾಗಿನಿಂದ ಇನ್ನೊಂದು ಪದ್ಧತಿ ಜನಪ್ರಿಯವಾಗಿದೆ. ಗಂಧಕ, ಹೈಡ್ರೋಜನ್, ಆಮ್ಲಜನಕಗಳ ಬೆಳಕನ್ನು ಮೂರು ಕಿರಿದಾದ ಫಿಲ್ಟರುಗಳಿಂದ ಬೇರೆಬೇರೆಯಾಗಿ ಹಿಡಿದು ಕ್ರಮವಾಗಿ ಕೆಂಪು, ಹಸಿರು, ನೀಲಿಗೆ ಹೊಂದಿಸುವುದು ಈ ಪದ್ಧತಿ. ಗಂಧಕವೂ ಹೈಡ್ರೋಜನ್ನೂ ನಿಜದಲ್ಲಿ ಕೆಂಪೇ ಆದ್ದರಿಂದ ಯಾವ ಧಾತು ಎಲ್ಲಿದೆ ಎಂದು ತೋರಿಸಲು ಹೀಗೆ ವಿಂಗಡಿಸುತ್ತಾರೆ. ಅದು ನಕ್ಷೆಯ ಬಣ್ಣ. ಹಾಗೆಂದು ಚಿತ್ರದ ಅಡಿಯಲ್ಲಿ ಬರೆದರೆ ಅದರಲ್ಲಿ ಮೋಸವಿಲ್ಲ.

ನನ್ನ ಮಟ್ಟಿಗೆ ಗೆರೆ ಸ್ಪಷ್ಟವಾಗಿದೆ. ಹಿಡಿದ ಬೆಳಕನ್ನು ಎತ್ತಿ ತೋರಿಸುವುದು ಸಂಸ್ಕರಣೆ. ಹಿಡಿಯದ ವಿವರವನ್ನು ಸೇರಿಸುವುದು ಚಿತ್ರಕಲೆ. ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಒಂದು ಗುಂಡಿ ಒತ್ತಿದರೆ ಚಿತ್ರವನ್ನು ಚೂಪಾಗಿಸಿ ಕೊಡುವ ಈ ಕಾಲದಲ್ಲಿ ಆ ಗೆರೆಯನ್ನು ಕಾಯುವ ಹೊಣೆ ಚಿತ್ರ ತೆಗೆದವರದೇ.

ನಮ್ಮ ಆಕಾಶದ ಭಾಗ್ಯ

ಕರ್ನಾಟಕದ ಹವ್ಯಾಸಿಗಳ ಕಾಲ ನವೆಂಬರಿನಿಂದ ಏಪ್ರಿಲ್. ಧನು ರಾಶಿಯ ಲಗೂನ್, ಟ್ರಿಫಿಡ್ ನೀಹಾರಿಕೆಗಳು ನಡುರಾತ್ರಿ ನೆತ್ತಿಯತ್ತ ಬರುವ ಜೂನ್–ಜುಲೈ ಮಳೆಗೆ ಹೋಗುತ್ತದೆ; ಅವು ಬೇಕೆಂದರೆ ಮಾರ್ಚಿನ ನಸುಕಿನಲ್ಲಿ ಏಳಬೇಕು. ಮೌಂಟಿನ ಅಕ್ಷ ಹೊಂದಿಸಲು ಆಧಾರವಾದ ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಕೇವಲ 13 ಡಿಗ್ರಿ ಮೇಲಿದ್ದು ಮರವೋ ಕಟ್ಟಡವೋ ಅಡ್ಡ ಬರುತ್ತದೆ. ಇದಕ್ಕೆ ಪ್ರತಿಯಾಗಿ ದಕ್ಷಿಣ ನಮಗೆ ತೆರೆದಿದೆ. ಲಂಡನ್ನಿನಲ್ಲಿ ಎಂದೂ ಉದಯಿಸದ ಭವ್ಯ ಕರೀನಾ ನೀಹಾರಿಕೆ ಇಲ್ಲಿ ಮಾರ್ಚಿನ ನಡುರಾತ್ರಿ ದಕ್ಷಿಣ ದಿಗಂತದಿಂದ ಸುಮಾರು 17 ಡಿಗ್ರಿ ಏರುತ್ತದೆ.

ಕೊರತೆ ಕತ್ತಲಿನದು. ಹಳೆಯ ಸೋಡಿಯಂ ದೀಪಗಳ ಹಳದಿಯನ್ನು ಫಿಲ್ಟರಿನಿಂದ ತಡೆಯಬಹುದಿತ್ತು. ಎಲ್ಲ ಬಣ್ಣಗಳಲ್ಲೂ ಹರಡಿದ ಎಲ್‌ಇಡಿಯ ಬಿಳಿ ಬೆಳಕನ್ನು ಹಾಗೆ ಸೋಸಲಾಗದು. ನಗರದ ತಾರಸಿಯಿಂದ ಕೆಲಸ ಮಾಡುವವರು ಹೈಡ್ರೋಜನ್ ಮತ್ತು ಆಮ್ಲಜನಕದ ಕಿರಿದಾದ ಪಟ್ಟಿಗಳನ್ನಷ್ಟೇ ಬಿಡುವ ಫಿಲ್ಟರಿಗೆ ಮೊರೆಹೋಗುತ್ತಾರೆ. ನಿಜವಾದ ಕತ್ತಲು ಹುಡುಕುವವರ ಕನಸು ಲಡಾಖಿನ ಹಾನ್ಲೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಸುಮಾರು 4,500 ಮೀಟರ್ ಎತ್ತರದಲ್ಲಿ ಅಲ್ಲಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರೇ ತರಬೇತಿ ಪಡೆದು ಬಂದವರಿಗೆ ಆಕಾಶ ತೋರಿಸುತ್ತಾರೆ. ಇಂಥದೊಂದು ಮೀಸಲು ಕರ್ನಾಟಕದಲ್ಲೂ ಆಗಬೇಕೆಂಬುದು ನನ್ನ ಗಾಢ ಆಸೆ.

ಹವ್ಯಾಸಿಗೆ ಸಿಕ್ಕದ್ದು

ಈ ಶ್ರಮ ವಿಜ್ಞಾನಕ್ಕೂ ಸಲ್ಲುತ್ತದೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಬರೀ 3 ಅಂಗುಲದ ದೂರದರ್ಶಕದಿಂದ ಎಂ78 ನೀಹಾರಿಕೆಯ ಸುತ್ತಲಿನ ಚಿತ್ರ ತೆಗೆದಾಗ, ಅವರು ಹೋಲಿಸಿದ ಹಳೆಯ ಚಿತ್ರಗಳಲ್ಲಿಲ್ಲದ ಒಂದು ಮಬ್ಬು ಕಂಡಿತು. ಎಳೆಯ ನಕ್ಷತ್ರವೊಂದು ಹಠಾತ್ತನೆ ಪ್ರಖರವಾಗಿ ಸುತ್ತಲಿನ ದೂಳನ್ನು ಬೆಳಗಿತ್ತು. ಅದೀಗ ಮೆಕ್‌ನೀಲ್ ನೀಹಾರಿಕೆ. 2022ರಲ್ಲಿ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್ ಮತ್ತು ಜೇವಿಯರ್ ಸ್ಟ್ರಾಟ್ನರ್, ಲೆಕ್ಕವಿಲ್ಲದಷ್ಟು ಸಲ ಚಿತ್ರವಾಗಿರುವ ಆ್ಯಂಡ್ರೊಮಿಡಾ ಗ್ಯಾಲಕ್ಸಿಯ ಪಕ್ಕದಲ್ಲೇ ಆಮ್ಲಜನಕದ ದೊಡ್ಡ ಕಮಾನೊಂದನ್ನು ಕಂಡುಹಿಡಿದರು. ಆಮ್ಲಜನಕದ ಫಿಲ್ಟರ್ ಇಟ್ಟು ಅಷ್ಟು ದೀರ್ಘಕಾಲ ಅತ್ತ ನೋಡಿದವರು ಅದುವರೆಗೆ ಇರಲಿಲ್ಲ. ನೂರಕ್ಕೂ ಹೆಚ್ಚು ಗಂಟೆಗಳ ಬೆಳಕು ಸೇರಿದ ಚಿತ್ರವದು.

ಆರಂಭಿಸುವವರಿಗೆ

ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಈ ಚಳಿಗಾಲಕ್ಕೆ ಅದು ಸಾಕು. ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಊರ ದೀಪದಿಂದ ದೂರ, ಟ್ರೈಪಾಡ್ ಮೇಲೆ 135 ಮಿಲಿಮೀಟರ್ ಲೆನ್ಸ್ ಇಟ್ಟು ಮಹಾವ್ಯಾಧನ ಖಡ್ಗಕ್ಕೆ ಗುರಿಯಿಡಿ. ಪ್ರಖರ ನಕ್ಷತ್ರವೊಂದನ್ನು ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದ ಫೋಕಸ್ ಹಿಡಿಯಿರಿ. ‘ರಾ’ ಕಡತಗಳಲ್ಲಿ 2 ಸೆಕೆಂಡಿನ 300 ಚಿತ್ರ ತೆಗೆದರೆ 10 ನಿಮಿಷದ ಬೆಳಕು ಸೇರುತ್ತದೆ. ಮುಚ್ಚಳ ಹಾಕಿದ ಇಪ್ಪತ್ತು ಡಾರ್ಕ್ ಚಿತ್ರಗಳನ್ನು ಮರೆಯಬೇಡಿ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶಗಳು ಉಳಿದದ್ದನ್ನು ಮಾಡುತ್ತವೆ. ಟ್ರ್ಯಾಕರ್, ಫಿಲ್ಟರ್, ತಣ್ಣಗಾಗಿಸುವ ಕ್ಯಾಮೆರಾಗಳ ಯೋಚನೆ ಆಮೇಲೆ ಬರಲಿ.

ಒಂದು ಮಾತು ಮಾತ್ರ ನೆನಪಿಡಿ: ಮೂಲ ಕಡತಗಳನ್ನು ಅಳಿಸಬೇಡಿ. ಸಂಸ್ಕರಣೆಯ ಕೈ ವರ್ಷ ಕಳೆದಂತೆ ಪಳಗುತ್ತದೆ. ಇಂದು ಹಿಡಿದ ಬೆಳಕಿನಿಂದಲೇ ಮುಂದೆ ಇನ್ನೂ ಒಳ್ಳೆಯ ಚಿತ್ರ ತೆಗೆಯಬಹುದು, ಅದನ್ನು ಈಗ ಜೋಪಾನವಾಗಿ ಇಟ್ಟುಕೊಂಡಿದ್ದರೆ.