ಚಾಲಕನಿಲ್ಲದ ಬಂಡಿಯೂ ನಮ್ಮ ಹೆದ್ದಾರಿಯೂ

1997ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯೆಗೋ ನಗರದ ಬಳಿ ಎಂಟು ಮೋಟಾರುಗಳು ಚಾಲಕನ ಕೈ ಸೋಂಕದೆ ಒಂದರ ಹಿಂದೊಂದಾಗಿ ಓಡಿದುವು. ರಸ್ತೆಯಲ್ಲಿ ಹುಗಿದ ಅಯಸ್ಕಾಂತಗಳೇ ಅವುಗಳಿಗೆ ದಾರಿ ತೋರಿದುವು. ಆದರೆ ಆ ದಾರಿಯು ಅವುಗಳಿಗಾಗಿಯೇ ಮೀಸಲಾಗಿದ್ದಿತು. ಎದುರು ಬರುವ ಬಂಡಿಯಾಗಲಿ ಅಡ್ಡ ದಾಟುವ ದನವಾಗಲಿ ಅಲ್ಲಿರಲಿಲ್ಲ.

ಮಂಗಳೂರಿನಿಂದ ಮೂಡುಬಿದಿರೆಯ ಮಾರ್ಗವಾಗಿ ಕಾರ್ಕಳದತ್ತ ಸಾಗುವ 169ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಲ್ಲ ವಾಚಕರಿಗೆ ಭೇದವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಶಾಲೆಯ ಮಕ್ಕಳೂ ರಿಕ್ಷಾಗಳೂ ಬಸ್ಸುಗಳೂ ಒಂದೇ ದಾರಿಯ ಹಕ್ಕುದಾರರು. ಆಟಿಯ ಮಳೆಯಲ್ಲಿ ರಸ್ತೆಯ ಬಿಳಿಗೆರೆಯು ಕೆಸರಿನಡಿ ಮರೆಯಾದರೆ, ಆ ಗೆರೆಯನ್ನೇ ನಂಬಿದ ಯಂತ್ರದ ಕಣ್ಣಿಗೆ ದಾರಿಯೆಲ್ಲಿ?

ವಿಪ್ರೋ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜುಗಳು ಕೂಡಿ ರಚಿಸಿದ ಚಾಲಕರಹಿತ ಕಾರು 2025ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾದುದು ಸಂತೋಷದ ಸಂಗತಿ. ಆದರೆ ಯಂತ್ರಕ್ಕೆ ಬುದ್ಧಿ ಕಲಿಸುವ ಪಾಠಶಾಲೆ ರಾಜಧಾನಿಯೊಂದೇ ಆಗಕೂಡದು. ಮೂಡುಬಿದಿರೆಯ ಸಮೀಪದ ಮಿಜಾರಿನಲ್ಲಿಯೇ ಇಂಜಿನಿಯರಿಂಗ್ ಕಾಲೇಜುಗಳಿರುವುವು. ಅಲ್ಲಿಯ ತರುಣರು ಈ ಹೆದ್ದಾರಿಯ ಮಳೆ, ತಿರುವು, ಜನಸಂಚಾರಗಳನ್ನು ಅಳೆದು ದಾಖಲಿಸತಕ್ಕದ್ದು. ಸರಕಾರವು ಅದಕ್ಕೆ ನೆರವು ನೀಡತಕ್ಕದ್ದು. ನಡೆದುಹೋಗುವವನ ಪ್ರಾಣವನ್ನು ಕಾಯಲಾರದ ಬಂಡಿಯು ಎಷ್ಟು ವೇಗವಾಗಿ ಓಡಿದರೂ ಅದನ್ನು ಬುದ್ಧಿವಂತ ಬಂಡಿಯೆನ್ನಲಾಗದು.